ಝಂಪೆಗೆ ಸಿಕ್ಕಿದ ರೇಡಿಯೋಹೆಡ್

ಒಬ್ಬ ಮನುಷ್ಯ. ಇಂಗ್ಲೆಂಡಿನವ. ಹೆಸರು ಜಾನ್ ಲೆಕಿ. 1970ರಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಕ್ಕೆ ಟೇಪು ನಡೆಸುವ ಹುಡುಗನಾಗಿ ಸೇರಿದ. ಸೇರಿದ ವರ್ಷವೇ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ನನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಧ್ವನಿಮುದ್ರಣದಲ್ಲಿ ಕೈಯಾಡಿಸಿದ. ಮುಂದೆ ರಜನೀಶರ ಶಿಷ್ಯನಾಗಿ ಸ್ವಾಮಿ ಆನಂದ ನಾಗರ ಎಂದು ಹೆಸರಿಟ್ಟುಕೊಂಡು, 1985ರ ಒಂದು ರೆಕಾರ್ಡಿನ ಮೇಲೆ ಆ ಹೆಸರನ್ನೂ ಅಚ್ಚು ಹಾಕಿಸಿದ. 1989ರಲ್ಲಿ ಸ್ಟೋನ್ ರೋಸಸ್‌ನ ಮೊದಲ ಆಲ್ಬಂ, 1995ರಲ್ಲಿ ರೇಡಿಯೋಹೆಡ್‌ನ ‘ದಿ ಬೆಂಡ್ಸ್’, 1999ರಲ್ಲಿ ಮ್ಯೂಸ್‌ನ ‘ಶೋಬಿಜ್’. ಇಂಗ್ಲಿಷ್ ಆಲ್ಟರ್ನೇಟಿವ್ ರಾಕ್‌ನ ಚರಿತ್ರೆಯಲ್ಲಿ ಎಲ್ಲಿ ಕೈಹಾಕಿದರೂ ಈ ಮನುಷ್ಯ ಸಿಗುತ್ತಾನೆ. ಇದೇ ಮನುಷ್ಯ 2009ರಲ್ಲಿ ಏನು ಮಾಡಿದ ಗೊತ್ತೇ? ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಎಂಬ ಯೋಜನೆಗಾಗಿ ಭಾರತದ ನಾಲ್ಕು ಬ್ಯಾಂಡುಗಳನ್ನು ಕೂರಿಸಿಕೊಂಡು ರೆಕಾರ್ಡು ಮಾಡಿದ. ಅದ್ವೈತ, ಮೆಡೂಸಾ, ಇಂಡಿಗೋ ಚಿಲ್ಡ್ರನ್, ಇನ್ನೊಂದು ನಮ್ಮ ಸ್ವರಾತ್ಮ!

ಹೌದು ಮಾರಾಯ್ರೆ, ಸ್ವರಾತ್ಮ. ಮೈಸೂರಿನಲ್ಲಿ ಬೆಳೆದ ವಾಸು ದೀಕ್ಷಿತ್ ಅವರ ಬ್ಯಾಂಡು. ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಯ ತುಂಬ ಕುಣಿಯುತ್ತ ಹಾಡುವ, ಕನ್ನಡದಲ್ಲಿ ‘ಈ ಭೂಮಿ’ ಎಂದು ಹಾಡು ಕಟ್ಟಿದ ಅದೇ ಸ್ವರಾತ್ಮ. ರೇಡಿಯೋಹೆಡ್ ಹುಡುಗರ ಗಿಟಾರುಗಳನ್ನು ಹದಮಾಡಿದ ಕಿವಿಯೇ ನಮ್ಮವರ ಹಾಡನ್ನೂ ಹದಮಾಡಿದೆ. ಇದನ್ನು ತಿಳಿದ ದಿನ ಮನೆಯಲ್ಲಿ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದೆ. ಹಾಲು ಹಾಕಲು ಬಂದವರಿಗೂ ಹೇಳಿದೆ. ಅವರು “ಹೌದಾ?” ಅಂದು ಕ್ಯಾನು ಎತ್ತಿಕೊಂಡು ಹೋದರು. ನನಗೆ ಮಾತ್ರ ತಡೆಯಲಾಗಲಿಲ್ಲ. ಹಾಗಾಗಿ ಈಗ ನಿಮಗೆ ಹೇಳುತ್ತಿದ್ದೇನೆ.

ಮೊದಲು ನನ್ನ ಕಿವಿಯ ಜಾತಕ. ನಮ್ಮದು ತಲ್ಲೂರು. ಕುಂದಾಪುರದಿಂದ ಹೆದ್ದಾರಿ ಹಿಡಿದು ಬಡಗಿಗೆ ಹೊರಟರೆ, ಹೊಳೆಯ ಸೇತುವೆಗಳನ್ನು ದಾಟಿದ ಮೇಲೆ ಸಿಗುವ ಊರು. ನೇರಳಕಟ್ಟೆ ಕಡೆಗೆ ಹೋಗುವವರು ಇಲ್ಲಿ ತಿರುಗುತ್ತಾರೆ, ಉಪ್ಪಿನಕುದ್ರುವಿಗೆ ಹೋಗುವವರೂ ಇಲ್ಲೇ ತಿರುಗುತ್ತಾರೆ. ಉಳಿದವರಿಗೆ ಇದು ಬಸ್ಸಿನ ಕಿಟಕಿಯಲ್ಲಿ ದಾಟಿಹೋಗುವ ಒಂದು ಬೋರ್ಡು. ಇಲ್ಲಿ ಬೆಳೆದವನಿಗೆ ಸಂಗೀತವೆಂದರೆ ಗದ್ದೆಯಾಚೆಯಿಂದ ರಾತ್ರಿಯಿಡೀ ಕೇಳಿಸುವ ಯಕ್ಷಗಾನದ ಚೆಂಡೆ, ಭಾಗವತರ ಏರುದನಿ, ದೇವಸ್ಥಾನದ ವಾದ್ಯ, ಮತ್ತೆ ಸಿನಿಮಾ ಹಾಡು. ರಾಕ್ ಎಂದರೆ ಕೂದಲು ಬಿಟ್ಟವರ ಕಿರುಚಾಟ ಎಂದೇ ನಾನು ಎಣಿಸಿದ್ದು. ಅದರ ಲೆಕ್ಕವೂ ಬರೀ ನಾಲ್ಕು, ಒಂದು ಎರಡು ಮೂರು ನಾಲ್ಕು ಎಂದು ಬಡಿದರೆ ಮುಗಿಯಿತು ಎಂಬ ಉಡಾಫೆ.

ಒಂದು ದಿನ ತಂಗಿಯ ಮಗ ಬ್ಲೂಟೂತ್ ಸ್ಪೀಕರಿನಲ್ಲಿ ಏನೋ ಹಾಕಿದ್ದ. ಡಬಡಬ ಎಂದು ಡ್ರಮ್ ಮೆಷಿನ್ನು, ಅದರ ಮೇಲೆ ಮೂಗಿನಲ್ಲಿ ಎಳೆದ ದನಿ. ಅಡಿಕೆ ಸುಲಿಯುತ್ತ ಕುಳಿತ ನನ್ನ ಬೆರಳು ತಾನಾಗಿ ತೊಡೆಯ ಮೇಲೆ ಎಣಿಸತೊಡಗಿತು. ನಾಲ್ಕಕ್ಕೆ ಕೂರುತ್ತಿಲ್ಲ. ಐದು! ಮತ್ತೊಮ್ಮೆ ಎಣಿಸಿದೆ, ಐದೇ. ಐದೈದರ ಎರಡು ಸುತ್ತು ಸೇರಿಸಿದರೆ ಹತ್ತಕ್ಷರ, ನಮ್ಮ ಯಕ್ಷಗಾನದ ತಾಳ. ಮೈ ಜುಂ ಎಂದಿತು.

“ಇದ್ ಝಂಪೆ ಅಲ್ದಾ!”

“ಮಾವ, ಇದ್ ರೇಡಿಯೋಹೆಡ್.”

ಹಾಡಿನ ಹೆಸರು ‘15 ಸ್ಟೆಪ್’. 2007ರ ಅಕ್ಟೋಬರಿನಲ್ಲಿ ಬಂದ ‘ಇನ್ ರೈನ್‌ಬೋಸ್’ ಆಲ್ಬಮ್ಮಿನ ಮೊದಲ ಹಾಡು. ಐದರ ತಾಳ. ಅಳಿಯನಿಗೂ ಈಗ ಹುರುಪು. 2003ರ ‘ಹೇಲ್ ಟು ದ ಥೀಫ್’ ಆಲ್ಬಮ್ಮಿನ ಮೊದಲ ಹಾಡು ಹಾಕಿದ. ಎರಡು ಕೂಡಿಸು ಎರಡು ಅಂದರೆ ಐದು ಎಂಬುದೇ ಅದರ ಹೆಸರು. ಹೆಸರಿನಲ್ಲಿ ಐದು, ಲೆಕ್ಕದಲ್ಲಿ ಏಳು! ಶುರುವಾಗುವುದೇ ಏಳರ ನಡೆಯಲ್ಲಿ, ನಮ್ಮ ತ್ರಿವುಡೆಯ ಹಾಗೆ. ಯಕ್ಷಗಾನದ ಆಟದ ಚೌಕಿಯ ಹಿಂದೆ ಎಂದೂ ನಿಂತಿರದ, ಮದ್ದಳೆ ಮುಟ್ಟಿರದ ಆಕ್ಸ್‌ಫರ್ಡ್ ಕಡೆಯ ಐದು ಜನ ಏಳಕ್ಕೂ ಐದಕ್ಕೂ ಇಷ್ಟು ಸಲೀಸಾಗಿ ಹೇಗೆ ಬಂದರು? ಅಲ್ಲಿಂದ ನನಗೆ ಹುಚ್ಚು ಹಿಡಿಯಿತು.

ಕೇಳಿ ಈ ಕಥೆ. ಆಕ್ಸ್‌ಫರ್ಡ್ ಹತ್ತಿರ ಆಬಿಂಗ್ಡನ್ ಎಂಬ ಸಣ್ಣ ಪೇಟೆ, ಅಲ್ಲೊಂದು ಹುಡುಗರ ಶಾಲೆ. ಟಾಮ್ ಯಾರ್ಕ್, ಎಡ್ ಒಬ್ರಿಯನ್, ಫಿಲಿಪ್ ಸೆಲ್ವೇ, ಕಾಲಿನ್ ಗ್ರೀನ್‌ವುಡ್, ಆಮೇಲೆ ಸೇರಿಕೊಂಡ ಕಾಲಿನ್ನನ ತಮ್ಮ ಜಾನಿ. 1985ರಲ್ಲಿ ಶಾಲೆಯ ಸಂಗೀತದ ಕೋಣೆಯಲ್ಲಿ ಶುಕ್ರವಾರ ಶುಕ್ರವಾರ ಅಭ್ಯಾಸ ಮಾಡುತ್ತಿದ್ದರಂತೆ, ಅದಕ್ಕೇ ಬ್ಯಾಂಡಿಗೆ ‘ಆನ್ ಎ ಫ್ರೈಡೇ’ ಎಂದು ಹೆಸರು. 1991ರಲ್ಲಿ ಇಎಂಐ ಕಂಪನಿಯ ಕರಾರಿಗೆ ಸಹಿ ಹಾಕಿದ ಮೇಲೆ ಹೆಸರು ಬದಲಾಯಿತು. ಟಾಕಿಂಗ್ ಹೆಡ್ಸ್ ಎಂಬ ಅಮೆರಿಕದ ಬ್ಯಾಂಡಿನ ಒಂದು ಹಾಡಿನಿಂದ ಎತ್ತಿಕೊಂಡದ್ದು ರೇಡಿಯೋಹೆಡ್. 1992ರಲ್ಲಿ ‘ಕ್ರೀಪ್’ ಬಂತು. ಮೊದಲು ಇಂಗ್ಲೆಂಡಿನಲ್ಲೇ ಯಾರೂ ಮೂಸಲಿಲ್ಲ. ಹೊರಗಿನ ದೇಶಗಳ ರೇಡಿಯೋದಲ್ಲಿ ಹತ್ತಿಕೊಂಡ ಮೇಲೆ ಮರುವರ್ಷ ಅಲ್ಲೂ ಮತ್ತೆ ಬಿಟ್ಟರು, ಆಗ ಓಡಿತು. ಓಡಿದ್ದು ಎಷ್ಟೆಂದರೆ, ಊರೂರಿಗೆ ಹೋದಲ್ಲೆಲ್ಲ ಜನ ಅದೊಂದನ್ನೇ ಕೇಳಿ, ಹಾಡುವವರಿಗೇ ಅದು ಬೇಡವಾಯಿತು.

ಇಲ್ಲೇ ಲೆಕಿ ಬರುವುದು. ಎರಡನೆಯ ಆಲ್ಬಂ. ಕಂಪನಿಗೆ ಇನ್ನೊಂದು ‘ಕ್ರೀಪ್’ ಬೇಕು, ಹುಡುಗರಿಗೆ ಅದು ಬಿಟ್ಟು ಬೇರೇನಾದರೂ ಬೇಕು. 1994ರಲ್ಲಿ ಲಂಡನ್ನಿನ ಆರ್‌ಎಕೆ ಸ್ಟುಡಿಯೋದಲ್ಲಿ ಕೂತರೆ ಕೆಲಸವೇ ಮುಂದೆ ಹೋಗುತ್ತಿಲ್ಲ. ಒಂದು ಸಂಜೆ ಎಲ್ಲರೂ ಜೆಫ್ ಬಕ್ಲಿ ಎಂಬ ಅಮೆರಿಕದ ಗಾಯಕನ ಕಛೇರಿಗೆ ಹೋದರು. ವಾಪಸು ಬಂದ ಟಾಮ್ ಯಾರ್ಕ್ ‘ಫೇಕ್ ಪ್ಲಾಸ್ಟಿಕ್ ಟ್ರೀಸ್’ ಹಾಡಿದ, ಹಾಡಿ ಮುಗಿಸಿ ಅತ್ತುಬಿಟ್ಟ. ಇದು ರಾಕ್ ಲೋಕದಲ್ಲಿ ಎಲ್ಲರೂ ಹೇಳುವ ಪ್ರಸಿದ್ಧ ಕಥೆ. ಆ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಒಂದೇ ಗಿಟಾರು, ಒಂದೇ ಕಂಠ, ಬಹಳ ಹೊತ್ತು ಅಷ್ಟೇ. ಆಮೇಲೆ ಮೆಲ್ಲ ಆರ್ಗನ್ನು ಹಿಂದೆ ಬಂದು ನಿಲ್ಲುತ್ತದೆ. ಡ್ರಮ್ಮು ಬಂದದ್ದು ಗೊತ್ತಾಗುವುದೇ ಬಂದಾದ ಮೇಲೆ. ಆಮೇಲೆ ಒಮ್ಮೆಗೇ ಗಿಟಾರುಗಳು ಎದ್ದು ಇಡೀ ಕೋಣೆ ತುಂಬಿ, ಅದೂ ಹೆಚ್ಚು ಹೊತ್ತಿಲ್ಲ, ಮತ್ತೆ ಬಸವಳಿದ ಕಂಠ ಒಂಟಿ. ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿರುವ ಹಿಮ್ಮೇಳ! ಪದ್ಯ ಕರುಣರಸಕ್ಕೆ ಇಳಿದಾಗ ಚೆಂಡೆಯವರು ಕೋಲು ಕೆಳಗಿಟ್ಟು ಮದ್ದಳೆಗೆ ಬಿಟ್ಟುಕೊಡುತ್ತಾರಲ್ಲ, ಆ ವಿವೇಕ ಇಲ್ಲೂ ಇದೆ. ‘ದಿ ಬೆಂಡ್ಸ್’ನಲ್ಲಿ ಮೂರು ಮೂರು ಗಿಟಾರುಗಳಿದ್ದೂ ಒಂದರ ಮೇಲೊಂದು ಬೀಳುವುದಿಲ್ಲ. ಲೆಕಿಯ ಕೆಲಸ ಅದು.

ಅದೇ ಕೋಣೆಯಲ್ಲಿ ಲೆಕಿಯ ಕೈಕೆಳಗೆ ಎಂಜಿನಿಯರ್ ಆಗಿದ್ದ ಹುಡುಗ ನೈಜೆಲ್ ಗಾಡ್ರಿಚ್. ಅವನೇ ಮುಂದೆ ರೇಡಿಯೋಹೆಡ್‌ನ ಕಾಯಂ ನಿರ್ಮಾಪಕನಾದ. 1997ರಲ್ಲಿ ‘ಓಕೆ ಕಂಪ್ಯೂಟರ್’. ಬಾತ್ ನಗರದ ಹತ್ತಿರ ಒಂದು ಹಳೇ ಬಂಗಲೆಯನ್ನು ಬಾಡಿಗೆಗೆ ಹಿಡಿದು ಅದರ ಕೋಣೆಗಳಲ್ಲಿ ರೆಕಾರ್ಡು ಮಾಡಿದ್ದು ಇದರ ಬಹುಪಾಲು. ಯಂತ್ರ, ಅವಸರ, ವಿಮಾನ, ಹೆದ್ದಾರಿ, ಒಂಟಿತನ, ಎಲ್ಲ ಅದರಲ್ಲಿದೆ. ಲೋಕವೇ ತಲೆಯ ಮೇಲೆ ಹೊತ್ತು ಮೆರೆಸಿತು. ಇನ್ನೊಬ್ಬರಾದರೆ ಅದೇ ದಾರಿಯಲ್ಲಿ ಇನ್ನೂ ನಾಲ್ಕು ಆಲ್ಬಂ ಮಾಡಿ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಇವರು? ಹಾವು ಪೊರೆ ಬಿಟ್ಟ ಹಾಗೆ ಬಿಟ್ಟರು! ಟಾಮ್ ಯಾರ್ಕನಿಗೆ ಗಿಟಾರಿನ ದನಿ ಕೇಳಿದರೇ ಬೇಸರ. 2000ದ ಅಕ್ಟೋಬರಿನಲ್ಲಿ ‘ಕಿಡ್ ಎ’ ಬಂದಾಗ ಅದರಲ್ಲಿ ಗಿಟಾರನ್ನು ಹುಡುಕಿ ತೆಗೆಯಬೇಕು. ಇದ್ದದ್ದು ಕೀಬೋರ್ಡು, ಕಂಪ್ಯೂಟರಿನ ತಾಳ, ಜಾಝ್ ಕಹಳೆಗಳು, ಕತ್ತರಿಸಿ ಅಂಟಿಸಿದ ಕಂಠ. ಜಾನಿ ಗ್ರೀನ್‌ವುಡ್ ಎಲ್ಲಿಂದಲೋ ಓಂಡ್ ಮಾರ್ತೆನೋ ಎಂಬ ವಾದ್ಯ ಹಿಡಿದು ತಂದ. 1928ರಲ್ಲಿ ಮಾರಿಸ್ ಮಾರ್ತೆನೋ ಎಂಬ ಫ್ರೆಂಚನು ಕಂಡುಹಿಡಿದ ವಿದ್ಯುತ್ ವಾದ್ಯ, ಬೆರಳಿಗೆ ಉಂಗುರ ತೊಟ್ಟು ಜಾರಿಸಿದರೆ ಸ್ವರವೂ ಜಾರುತ್ತದೆ. ಗಮಕಕ್ಕೆ ಹೇಳಿ ಮಾಡಿಸಿದಂಥದ್ದು! ಜನ ಬೈದರು, ಕೆಲವರು ತಲೆ ಕೆಡಿಸಿಕೊಂಡರು, ಆದರೂ ಅದು ಇಂಗ್ಲೆಂಡು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇ ಹೋಯಿತು. ನನಗೂ ಮೊದಮೊದಲು ‘ಕಿಡ್ ಎ’ ತಲೆಗೆ ಹತ್ತಲಿಲ್ಲ. ರಾತ್ರಿ ಮಳೆ ಹಿಡಿದು ಕರೆಂಟು ಹೋದಾಗ ಫೋನಿನಲ್ಲಿ ಕೇಳಿದ ಮೇಲೆ ಹತ್ತಿತು.

ಸರಿ. ಈಗ ಹೊಳೆ ದಾಟಿ, ಘಟ್ಟ ಹತ್ತಿ ಮೈಸೂರಿಗೆ ಬನ್ನಿ.

ಇಲ್ಲೂ ಅಣ್ಣತಮ್ಮಂದಿರು. ಅಣ್ಣ ರಘು ದೀಕ್ಷಿತ್, ತಮ್ಮ ವಾಸು ದೀಕ್ಷಿತ್. ಅಣ್ಣ ಮೈಸೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತೆಗೆದುಕೊಂಡವರು, ಭರತನಾಟ್ಯ ಕಲಿತವರು. ಕಾಲೇಜಿನಲ್ಲಿ ಯಾರೋ ನಿನ್ನದು ಹೆಣ್ಣುಮಕ್ಕಳ ಕುಣಿತ ಎಂದು ಹಂಗಿಸಿದ್ದಕ್ಕೆ, ಎರಡು ತಿಂಗಳಲ್ಲಿ ಗಿಟಾರು ಕಲಿತು ತೋರಿಸುತ್ತೇನೆ ಎಂದು ಪಣ ತೊಟ್ಟು ಗಿಟಾರು ಹಿಡಿದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ತೊಂಬತ್ತರ ದಶಕದ ಕೊನೆಗೆ ವಯಲಿನ್ ವಾದಕ ಎಚ್.ಎನ್. ಭಾಸ್ಕರ್ ಮುಂತಾದವರೊಡನೆ ‘ಅಂತರಾಗ್ನಿ’ ಎಂಬ ಬ್ಯಾಂಡು ಕಟ್ಟಿದರು. ಬೆಂಗಳೂರಿನ ರಾಕ್ ಎಂದರೆ ಆಗ ಇಂಗ್ಲಿಷೇ. 1996ರಲ್ಲಿ ಶುರುವಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಸ್ವಂತ ಹಾಡು ಕಟ್ಟುತ್ತಿತ್ತು, ಅದೂ ಇಂಗ್ಲಿಷಿನಲ್ಲಿ. ಮಿಕ್ಕವರಲ್ಲಿ ಬಹಳಷ್ಟು ಜನ ಪರದೇಶದ ಬ್ಯಾಂಡುಗಳ ಹಾಡನ್ನೇ ಒಪ್ಪಿಸುತ್ತಿದ್ದರು. ಅಂಥಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಶಿಶುನಾಳ ಷರೀಫರ ತತ್ವಪದಕ್ಕೆ ಗಿಟಾರು ಬಾರಿಸುವುದು ಎಂದರೆ!

ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ನಮ್ಮ ಕಾಲಕ್ಕೆ ಅವರನ್ನು ಮನೆಮನೆಗೆ ಮುಟ್ಟಿಸಿದ್ದು ಸಿ. ಅಶ್ವತ್ಥ್, ಕ್ಯಾಸೆಟ್ಟುಗಳ ಮೂಲಕ, 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದ ಮೂಲಕ. ಅಶ್ವತ್ಥರ ಕಂಠ ಕೇಳಿ ಬೆಳೆದವರಿಗೆ ಆ ಪದಗಳನ್ನು ಬೇರೆ ಧಾಟಿಯಲ್ಲಿ ಕೇಳುವುದು ಸುಲಭವಲ್ಲ. ರಘು ಧೈರ್ಯ ಮಾಡಿದರು. ಅಂತರಾಗ್ನಿ ಒಡೆದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಇಟ್ಟುಕೊಂಡರು. ಬರುವವರು ಬರಲಿ, ನುಡಿಸಲಿ, ಹೋಗುವವರು ಹೋಗಲಿ, ಬಾಗಿಲು ತೆರೆದಿರಲಿ ಎಂಬ ಲೆಕ್ಕ. ರೆಕಾರ್ಡು ಕಂಪನಿಗಳು ಬೇಡವೆಂದು ಕೈಯಲ್ಲಾಡಿಸಿದವು. ಕೊನೆಗೆ ಮುಂಬೈಯಲ್ಲಿ ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್‌ನಿಂದ 2008ರಲ್ಲಿ ಆಲ್ಬಂ ತಂದರು. ‘ಗುಡುಗುಡಿಯ ಸೇದಿ ನೋಡೋ’ ಅದರಲ್ಲಿ ಇದೆ. ಆ ಮೊದಲ ಆಲ್ಬಂ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ. 2013ರ ‘ಜಗ್ ಚಂಗಾ’ ಇನ್ನೂ ನುಣುಪು, ಇನ್ನೂ ಅಚ್ಚುಕಟ್ಟು, ಆದರೆ ಮೊದಲಿನದರ ಒರಟುತನದಲ್ಲಿದ್ದ ಕಸುವು ಅದಕ್ಕಿಲ್ಲ.

ಆಮೇಲೆ ನೋಡಿ ಓಟ! 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮ. ಮಿಂಚಿದರು. ಅವರ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತದ ಪಟ್ಟಿಯ ತುದಿಗೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಉತ್ತಮ ಹೊಸ ಕಲಾವಿದ ಪ್ರಶಸ್ತಿ. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ.

ಗ್ಲಾಸ್ಟನ್‌ಬರಿ, 2011. ಇಲ್ಲಿ ಸ್ವಲ್ಪ ನಿಲ್ಲಿ. ಸಾಮರ್ಸೆಟ್ ಸೀಮೆಯ ಒಂದು ಹೈನುಗಾರಿಕೆಯ ಹೊಲದಲ್ಲಿ, ಕೆಸರಿನಲ್ಲಿ, ಲಕ್ಷಕ್ಕೂ ಮೀರಿದ ಜನ ಸೇರುವ ಜಾತ್ರೆ ಅದು. ಆ ವರ್ಷದ ಜೂನ್ 24ರ ಶುಕ್ರವಾರ ಪಾರ್ಕ್ ಎಂಬ ವೇದಿಕೆಗೆ ಯಾರೋ ಗುಪ್ತ ಅತಿಥಿಗಳು ಬರುತ್ತಾರೆ ಎಂದು ಸುದ್ದಿ ಹಬ್ಬಿ, ಜನ ಮಳೆಯಲ್ಲಿ ಗುಡ್ಡ ಹತ್ತಿ ಕಾದು ನಿಂತರೆ, ಬಂದದ್ದು ಯಾರು? ರೇಡಿಯೋಹೆಡ್! ಒಂದೇ ಉತ್ಸವ, ಒಂದೇ ವರ್ಷ, ಅದೇ ಹೊಲ. ಒಂದು ಕಡೆ ಆಬಿಂಗ್ಡನ್ ಶಾಲೆಯ ಶುಕ್ರವಾರದ ಹುಡುಗರು, ಇನ್ನೊಂದು ಕಡೆ ಷರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿದ ಮೈಸೂರಿನವರು. ಇದು ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅಳಿಯ ಮಾತ್ರ ಅಲುಗಲಿಲ್ಲ, “ಅಷ್ಟ್ ದೊಡ್ಡ ಹಬ್ಬ ಅಲ್ದಾ ಮಾವ, ಎಲ್ಲರೂ ಹೋತ್ರು” ಅಂದ. ಈಗಿನ ಮಕ್ಕಳಿಗೆ ಯಾವುದೂ ಆಶ್ಚರ್ಯವಲ್ಲ.

ತಮ್ಮನದು ಬೇರೆ ದಾರಿ. ಅಣ್ಣನ ಬ್ಯಾಂಡು ಅಣ್ಣನ ಹೆಸರಿನಲ್ಲೇ ನಿಂತರೆ, 2002ರ ಸುಮಾರಿಗೆ ಶುರುವಾದ ಸ್ವರಾತ್ಮ ಒಂದು ಮೇಳ. ಮೊದಲ ಆಲ್ಬಮ್ಮಿನ ಹೊತ್ತಿಗೆ ಪವನ್ ಕುಮಾರ್ ತಾಳವಾದ್ಯಕ್ಕೆ, ಸಂಜೀವ್ ನಾಯಕ್ ವಯಲಿನ್ನಿಗೆ, ಜಿಷ್ಣು ದಾಸ್‌ಗುಪ್ತ ಬೇಸ್ ಗಿಟಾರಿಗೆ, ವರುಣ್ ಮುರಳಿ ಗಿಟಾರಿಗೆ, ಮಾಂಟ್ರಿ ಮ್ಯಾನುಯೆಲ್ ಡ್ರಮ್ಮಿಗೆ. ಕನ್ನಡದವರು, ಬಂಗಾಳಿ, ಮಲಯಾಳಿ ಹೆಸರುಗಳು ಒಟ್ಟಿಗೆ. 2006ರಲ್ಲಿ ರೇಡಿಯೋ ಸಿಟಿ ಲೈವ್ ಸ್ಪರ್ಧೆ ಗೆದ್ದಿತು, 2009ರಲ್ಲಿ ತನ್ನದೇ ಹೆಸರಿನ ಮೊದಲ ಆಲ್ಬಂ ತಂದಿತು. ಅದರ ‘ಪ್ಯಾಸಿ’ ಎಂಬ ಹಿಂದಿ ಹಾಡು ಕಾವೇರಿಯ ಕುರಿತದ್ದು. ನೀರಿಗಾಗಿ ಎರಡು ರಾಜ್ಯಗಳು ಬಡಿದಾಡುವಾಗ ಬಾಯಾರಿದ್ದು ನದಿಗೇ ಎಂದು ನದಿಯ ಬಾಯಿಂದಲೇ ಹಾಡಿಸಿದ್ದಾರೆ. ಬೆಂಗಳೂರಿನ ಬ್ಯಾಂಡು ಕಾವೇರಿಯ ಬಗ್ಗೆ ಹಾಡುವುದು ಎಂದರೆ ಕೆಂಡದ ಮೇಲೆ ನಡೆದ ಹಾಗೆ, ಇವರು ಯಾರ ಪಕ್ಷಕ್ಕೂ ಹೋಗದೆ ದಾಟಿದರು.

ಹಾಡಿನ ಒಳಗೆ ಕಿವಿ ಇಟ್ಟರೆ ಇನ್ನೊಂದು ಸೋಜಿಗ. ಸಾಮಾನ್ಯ ರಾಕ್ ಬ್ಯಾಂಡಿನಲ್ಲಿ ಮುಖ್ಯ ಗಿಟಾರು ಮಾಡುವ ಕೆಲಸವನ್ನು ಸ್ವರಾತ್ಮದಲ್ಲಿ ಬಹಳಷ್ಟು ಕಡೆ ವಯಲಿನ್ನು ಮಾಡುತ್ತದೆ. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲಿನ ಆ ಸಂದಿಯಲ್ಲಿ ವಯಲಿನ್ನು ನುಗ್ಗಿ ಬರುತ್ತದೆ. ಕೆಳಗೆ ಡ್ರಮ್ಮು ನಾಲ್ಕರಲ್ಲಿ ಗಟ್ಟಿಯಾಗಿ ನಿಂತಿರುವಾಗ ಮೇಲೆ ಕೈವಾದ್ಯ ಜಾನಪದದ ಉರುಳುನಡೆಯಲ್ಲಿ ಓಡುತ್ತಿರುತ್ತದೆ. ಎರಡೂ ಒಂದೊಂದು ಕಡೆ ಎಳೆದು ಮತ್ತೆ ಮುಕ್ತಾಯಕ್ಕೆ ಸರಿಯಾಗಿ ಬಂದು ಕೂಡುತ್ತವೆ. ಈ ಎಳೆದಾಟದಲ್ಲೇ ಕುಣಿತ ಹುಟ್ಟುವುದು.

2011ರಲ್ಲಿ ‘ದಿ ದೇವಾರಿಸ್ಟ್ಸ್’ ಎಂಬ ಟಿವಿ ಸರಣಿಯಲ್ಲಿ ಇವರು ಹಿಂದುಸ್ತಾನಿ ಗಾಯಕಿ ಶುಭಾ ಮುದ್ಗಲ್ ಅವರೊಡನೆ ಕೂಡಿ ‘ದೂರ್ ಕಿನಾರಾ’ ಕಟ್ಟಿದರು. 2012ರ ಎರಡನೆಯ ಆಲ್ಬಂ ‘ಟೋಪಿವಾಲೆ’, ಊರಿಗೆಲ್ಲ ಟೋಪಿ ಹಾಕುವವರ ಮೇಲೆ ಗೇಲಿ. ಟಿವಿ ಸುದ್ದಿಯ ಗದ್ದಲವನ್ನೂ ಅದೇ ಕಾಲಕ್ಕೆ ‘ಆಜ್ ಕಿ ತಾಜಾ ಫಿಕರ್’ ಎಂದು ಲೇವಡಿ ಮಾಡಿದರು. ನಮ್ಮ ಆಟದ ಹಾಸ್ಯಗಾರ ರಾಜನ ಎದುರಿಗೇ ನಿಂತು ಊರಿನ ಸುದ್ದಿ ಎತ್ತುತ್ತಾನಲ್ಲ, ಆ ಜಾತಿಯದು ಈ ಹಾಡುಗಾರಿಕೆ. 2018ರ ‘ರಾಹ್-ಎ-ಫಕೀರಾ’ದ ಹೊತ್ತಿಗೆ ಗೇಲಿ ಕಡಿಮೆಯಾಗಿ ಫಕೀರರ ದಾರಿ ಹಿಡಿದರು. ಇತ್ತ ಡ್ರಮ್ಮಿನ ಮಾಂಟ್ರಿ ಮ್ಯಾನುಯೆಲ್ ಗುಜರಿ ಸಾಮಾನು ಕೂಡಿಸಿ ‘ತಾಳವಟ್ಟಂ’ ಎಂಬ ತಾಳವಾದ್ಯದ ತಂಡವನ್ನೇ ಕಟ್ಟಿದರು. ಪೈಪು, ಡಬ್ಬ, ಬಿಸಾಡಿದ ಲೋಹ, ಸಿಕ್ಕಿದ್ದೆಲ್ಲ ವಾದ್ಯ! ವಾಸು ಅವರು ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂಬ ಇನ್ನೊಂದು ಕೂಟ ಕಟ್ಟಿ ದಾಸರ ಪದ, ಕಬೀರನ ದೋಹೆಗಳ ಕಡೆಗೆ ಹೊರಳಿದರು.

ಇಷ್ಟೂ ಕೇಳಿದ ಮೇಲೆ ನನಗೆ ಹೊಳೆದದ್ದು ಒಂದು. ರೇಡಿಯೋಹೆಡ್ ಬೆಳೆದದ್ದು ತನ್ನದನ್ನು ಬಿಡುತ್ತ ಬಿಡುತ್ತ. ಗಿಟಾರು ಬಿಟ್ಟಿತು, ಪಲ್ಲವಿ ಬಿಟ್ಟಿತು, ಕೊನೆಗೆ ಕಂಪನಿಯನ್ನೂ ಬಿಟ್ಟು, 2007ರಲ್ಲಿ ‘ಇನ್ ರೈನ್‌ಬೋಸ್’ ಅನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ನಿಮಗೆಷ್ಟು ಕೊಡಬೇಕು ಅನ್ನಿಸುತ್ತದೋ ಅಷ್ಟು ಕೊಡಿ ಎಂದಿತು. ಹರಕೆ ಡಬ್ಬಿಯ ಲೆಕ್ಕ! ನಮ್ಮ ದೀಕ್ಷಿತ್ ಸೋದರರು ಬೆಳೆದದ್ದು ತಮ್ಮದನ್ನು ಎತ್ತಿಕೊಳ್ಳುತ್ತ. ಗಿಟಾರು ಕಲಿತರು, ಆಮೇಲೆ ಗೆಜ್ಜೆ ಹುಡುಕಿದರು, ಷರೀಫರನ್ನು ಹುಡುಕಿದರು, ಕೀಲುಕುದುರೆ ಹುಡುಕಿದರು. ಎತ್ತಿಕೊಂಡಷ್ಟೂ ದೂರ ಹೋದರು. ಬ್ರಿಟನ್ನಿನವರಿಗೆ ಬ್ರಿಟನ್ನಿನ ಹಾಗೆ ಹಾಡುವವರು ಬೇಕಿರಲಿಲ್ಲ, ಅಂಥವರು ಅಲ್ಲಿ ಬೀದಿಗೊಬ್ಬರಿದ್ದಾರೆ.

ಇದನ್ನೆಲ್ಲ ಬೆಂಗಳೂರಿನ ಪ್ರತಾಪ ಎನ್ನುವವರಿಗೆ ನಮ್ಮ ಕಡಲತಡಿಯ ಪಟ್ಟಿ ಹೇಳುತ್ತೇನೆ, ಕೇಳಿ. ಕೋಟದ ಶಿವರಾಮ ಕಾರಂತರು ಯಕ್ಷಗಾನದ ಬ್ಯಾಲೆ ಕಟ್ಟಿದಾಗ ಹಿಮ್ಮೇಳಕ್ಕೆ ವಯಲಿನ್ನನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದರು. ಬೈದವರು ಬೈದರು, ಅವರು ಕೇಳಲಿಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದೇ ಸ್ಯಾಕ್ಸೊಫೋನಿಗೆ ಗಮಕ ಕಲಿಸಿ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿ ಬಂದರು. ಗುಂಡ್ಮಿ ಕಾಳಿಂಗ ನಾವಡರು! 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರು ಬಡಗುತಿಟ್ಟಿನ ಪದ್ಯಗಳಿಗೆ ಹೊಸ ರಾಗಗಳನ್ನು ಹಾಕಿ, ‘ನಾಗಶ್ರೀ’ಯಂಥ ಪ್ರಸಂಗವನ್ನು ತಾವೇ ಬರೆದು, ಕಾಲೇಜಿನ ಹುಡುಗರನ್ನು ಟೆಂಟಿನೊಳಗೆ ಎಳೆದು ತಂದರು. ವೇಷಕ್ಕಲ್ಲ, ಭಾಗವತಿಕೆಗೇ ಜನ ಟಿಕೇಟು ಕೊಂಡ ಕಾಲ ಅದು. ಕ್ಯಾಸೆಟ್ಟು ಅಂಗಡಿಯಲ್ಲಿ ಅವರ ಕ್ಯಾಸೆಟ್ಟು ಸುತ್ತಿ ಸುತ್ತಿ ಟೇಪು ಸವೆದದ್ದನ್ನು ನಾನೇ ನೋಡಿದ್ದೇನೆ. ಸಂಪ್ರದಾಯದವರು ಇದು ಯಕ್ಷಗಾನವೇ ಅಲ್ಲ ಎಂದರು. ‘ಕಿಡ್ ಎ’ ಬಂದಾಗ ಇದು ರಾಕೇ ಅಲ್ಲ ಎಂದವರಿದ್ದರಲ್ಲ, ಅವರಿಗೂ ಇವರಿಗೂ ಪರಿಚಯ ಮಾಡಿಸಬೇಕಿತ್ತು.

ಇನ್ನು ನಮ್ಮ ತಲ್ಲೂರಿನ ಮಗ್ಗುಲಲ್ಲೇ ಇರುವ ಉಪ್ಪಿನಕುದ್ರು. ಕಾಮತರ ಮನೆತನ ತಲೆಮಾರುಗಳಿಂದ ಅಲ್ಲಿ ಯಕ್ಷಗಾನ ಗೊಂಬೆಯಾಟ ಆಡಿಸುತ್ತ ಬಂದಿದೆ. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು, ಅವರ ಮರದ ಗೊಂಬೆಗಳು ಸಮುದ್ರ ದಾಟಿ ಎಷ್ಟೋ ದೇಶ ನೋಡಿವೆ. ಹೊಳೆಯಾಚೆ ಬಸ್ರೂರು. ಶಿಲ್ಪ ಕೆತ್ತುವ ಕುಲಕಸುಬಿನ ಮನೆಯಿಂದ ಬಂದ ರವಿ ಬಸ್ರೂರು, 2014ರ ‘ಉಗ್ರಂ’ನಿಂದ ಹೆಸರು ಮಾಡಿ, ‘ಕೆಜಿಎಫ್’ನ ಆ ಗುಡುಗಿನಂಥ ಹಿನ್ನೆಲೆ ಸಂಗೀತ ಕಟ್ಟಿ, ಊರಿನಲ್ಲೇ ಸ್ಟುಡಿಯೋ ಮಾಡಿದ್ದಾರೆ. ‘ಗರ್‌ಗರ್ ಮಂಡ್ಲ’, ‘ಬಿಲಿಂಡರ್’ ಎಂದು ಕುಂದಾಪ್ರ ಕನ್ನಡದಲ್ಲೇ ಸಿನಿಮಾ ಕೂಡ ಮಾಡಿದರು. ‘ಕೆಜಿಎಫ್’ನ ಚೀರುವ ಗಿಟಾರು, ಕೆಳಗೆ ಗುಂಪು ದನಿಯ ಘೋಷ, ಅದನ್ನು ಜೋರಾಗಿ ಹಾಕಿ ಕೇಳಿ, ರಾಕ್ ಅಲ್ಲದೆ ಅದು ಮತ್ತೇನು?

ಕೊನೆಯ ಬೆರಗನ್ನು ಬಚ್ಚಿಟ್ಟುಕೊಂಡಿದ್ದೆ. 2015ರಲ್ಲಿ ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ಭಾರತಕ್ಕೆ ಬಂದ. ಜೋಧಪುರದ ಮೆಹ್ರಾನ್‌ಗಢ ಕೋಟೆಯೊಳಗೆ, ಇಸ್ರೇಲಿನ ಶೈ ಬೆನ್ ತ್ಸೂರ್ ಮತ್ತು ರಾಜಸ್ಥಾನದ ಕವ್ವಾಲಿ, ಮಾಂಗಣಿಯಾರ್, ಬ್ಯಾಂಡ್‌ಸೆಟ್ ಕಲಾವಿದರ ಜತೆ ಚಾಪೆಯ ಮೇಲೆ ಕೂತು ‘ಜುನೂನ್’ ಎಂಬ ಆಲ್ಬಂ ಮಾಡಿದ. ಮುದ್ರಿಸಿದವ ಮತ್ತೆ ಅದೇ ಗಾಡ್ರಿಚ್, ಚಿತ್ರೀಕರಿಸಿದವ ಹಾಲಿವುಡ್ಡಿನ ನಿರ್ದೇಶಕ ಪಾಲ್ ಥಾಮಸ್ ಆ್ಯಂಡರ್ಸನ್. ಆ ಚಿತ್ರ ನೋಡಿ. ಲೋಕಪ್ರಸಿದ್ಧ ಗಿಟಾರಿಸ್ಟ್ ತಲೆ ತಗ್ಗಿಸಿ ಮೂಲೆಯಲ್ಲಿ ಕೂತಿದ್ದಾನೆ, ಕೂದಲು ಮುಖದ ಮೇಲೆ ಬಿದ್ದಿದೆ, ಮುನ್ನೆಲೆಯಲ್ಲಿ ಢೋಲಕ್ಕು, ಕಹಳೆ, ಕವ್ವಾಲರ ಕೈಚಪ್ಪಾಳೆ. ಪಾರಿವಾಳ ಒಳಗೆ ನುಗ್ಗುತ್ತದೆ, ಕರೆಂಟು ಹೋಗುತ್ತದೆ, ಕಾಯುತ್ತಾರೆ, ಮತ್ತೆ ಶುರು. ತಲ್ಲೂರಿನವರಿಗೆ ಅದರಲ್ಲಿ ಹೊಸದೇನೂ ಇಲ್ಲ, ಕೋಟೆಯೊಂದು ಬಿಟ್ಟರೆ.

ಮೊನ್ನೆ ಇದನ್ನು ನೋಡುತ್ತ ಅಳಿಯ ಕೇಳಿದ, “ಅವ ಇಲ್ಲಿಗ್ ಬಂದ್ರೆ ಯಾವ್ ಮೇಳದ್ ಆಟಕ್ಕೆ ಕರ್ಕಂಡ್ ಹೋಪುದ್ ಮಾವ?” ನಾನು ಮಂದಾರ್ತಿ ಮೇಳ ಎಂದೆ, ಹರಕೆ ಆಟವೇ ಆಗಬೇಕು, ಗದ್ದೆಯಲ್ಲಿ ಕೂತೇ ನೋಡಬೇಕು, ಝಂಪೆ ಬಂದಾಗ ಪಕ್ಕದಲ್ಲಿ ಕೂತು ತೊಡೆ ತಟ್ಟಿ ತೋರಿಸುತ್ತೇನೆ. ತಂಗಿ ಒಳಗಿನಿಂದ, ಸಾಲಿಗ್ರಾಮ ಮೇಳವೇ ಸೈ, ನಾವಡರು ಹಾಡಿದ ಮೇಳ ಬಿಟ್ಟು ಬೇರೆಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಕೂಗಿದಳು. ಭಾವ ಪೆರ್ಡೂರು ಎಂದರು. ಮಾತಿಗೆ ಮಾತು ಬೆಳೆದು ಗಂಜಿ ಆರಿತು. ಅಳಿಯ ಹೆಡ್‌ಫೋನು ಹಾಕಿಕೊಂಡ.